ಕೊನೆಯ ಸೈಕಲ್

ಆರು ಜನರ ನಮ್ಮ ಗುಂಪಿನಲ್ಲಿ ನನ್ನ ಜಾಗ ಎಲ್ಲರಿಗಿಂತ ಹಿಂದೆ. ಸೈಕಲ್ ಮಂದಿ ಇದಕ್ಕೆ ಸ್ವೀಪ್ ಅನ್ನುತ್ತಾರೆ. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು, ಪಂಕ್ಚರ್ ಆದವರ ಜೊತೆ ನಿಲ್ಲುವುದು, ಇಷ್ಟೇ ಕೆಲಸ. ಲಾವೋಸಿಗೆ ಹೊರಟಾಗ ಈ ಜಾಗವನ್ನು ನಾನೇ ಕೇಳಿ ತೆಗೆದುಕೊಂಡೆ, ಯಾಕೆಂದರೆ ಮೇಷ್ಟ್ರು ಬರುತ್ತಿದ್ದರು. ಅವರಿಗೆ 61 ವರ್ಷ. ಹಾಸನದ ಕಡೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವರ ಹಿಂದೆ ನಾನಿರುತ್ತೇನೆ ಅಂತ ಅವರ ಮನೆಯವರಿಗೆ ಮಾತು ಕೊಟ್ಟಿದ್ದೆ.

ನಾವು ಆರಿಸಿಕೊಂಡದ್ದು 13ನೇ ನಂಬರಿನ ಹೆದ್ದಾರಿ. ಲುವಾಂಗ್ ಪ್ರಬಾಂಗ್‌ನಿಂದ ವಾಂಗ್ ವಿಯೆಂಗ್‌ವರೆಗೆ, ಬೆಟ್ಟದ ನೆತ್ತಿಯ ಮೇಲೆ ಹೋಗುವ ಹಳೆಯ ದಾರಿ. ಸುಮಾರು 230 ಕಿಲೋಮೀಟರ್. 2021ರ ಡಿಸೆಂಬರ್‌ನಲ್ಲಿ ಚೀನಾ ಕಡೆಯಿಂದ ಬರುವ ರೈಲು ಶುರುವಾದ ಮೇಲೆ ಇದೇ ಎರಡು ಊರುಗಳ ನಡುವೆ ಒಂದು ಗಂಟೆಯ ಪ್ರಯಾಣ. ನಾವು ನಾಲ್ಕು ದಿನ ಇಟ್ಟುಕೊಂಡೆವು. ಜನವರಿ ಕೊನೆ. ಮಳೆ ಇಲ್ಲ, ಬೆಳಗ್ಗೆ ಬೆಟ್ಟದ ಮೇಲೆ ಒಳ್ಳೇ ಚಳಿ. ಗದ್ದೆ, ಕಾಡು ಸುಡುವ ಹೊಗೆ ಮಾರ್ಚಿನಲ್ಲಿ ಹಬ್ಬುತ್ತದೆ. ಅಷ್ಟರೊಳಗೆ ಹೋಗಿ ಬರುವುದು ಒಳ್ಳೆಯದು.

ಮೊದಲ ದಿನವೇ ಕಷ್ಟದ ದಿನ. ಕಿಯು ಕಾಚಮ್‌ವರೆಗೆ ಸುಮಾರು 80 ಕಿಲೋಮೀಟರ್, ನಡುವೆ ಎರಡು ದೊಡ್ಡ ಏರು. ಸೀಯೆಂಗ್ ಙುನ್ ಊರು ದಾಟಿದ ಮೇಲೆ ರಸ್ತೆ ಏರತೊಡಗುತ್ತದೆ. ಏರಿದ್ದನ್ನೆಲ್ಲ ಮತ್ತೆ ನದಿಯವರೆಗೆ ಇಳಿಸಿ, ಇನ್ನೊಂದು ಸಲ ಏರಿಸುತ್ತದೆ. ಮೇಷ್ಟ್ರು ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಹತ್ತುತ್ತಿದ್ದರು. ಮುಂದಿನ ನಾಲ್ವರು ಪ್ರತಿ ಹತ್ತು ಕಿಲೋಮೀಟರಿಗೆ ನಿಂತು ಕಾಯುತ್ತಿದ್ದರು. ಆದರೆ ನಾವು ತಲುಪಿದ ಕೂಡಲೇ, "ಬಂದ್ರಾ? ಸರಿ, ಹೊರಡೋಣ" ಅಂತ ಸೈಕಲ್ ಹತ್ತಿಬಿಡುತ್ತಿದ್ದರು. ಅವರಿಗೆ ಇಪ್ಪತ್ತು ನಿಮಿಷದ ವಿಶ್ರಾಂತಿ ಸಿಕ್ಕಿರುತ್ತಿತ್ತು. ಎಲ್ಲರಿಗಿಂತ ಸುಸ್ತಾದ ಮೇಷ್ಟ್ರಿಗೆ ಒಂದು ನಿಮಿಷವೂ ಇಲ್ಲ. ಮೂರನೇ ಸಲವೂ ಹೀಗೇ ಆದಾಗ ನನಗೆ ನಿಜವಾಗಿ ಕೋಪ ಬಂತು. ರಾತ್ರಿ ಊಟದ ಹೊತ್ತಿಗೆ ನಾನು ಬಾಯಿ ಬಿಡುವ ಮೊದಲೇ ಧಾರವಾಡದ ಅಕ್ಕ ಮಾತು ಎತ್ತಿದರು: "ಹಿಂದ ಬಂದವ್ರಿಗೆ ಹತ್ತು ಮಿನಿಟ್ ಬ್ಯಾಡೇನ್ರಿ? ನಾಳಿಯಿಂದ ಅವ್ರು ಬಂದು ಕುಂತ ಮ್ಯಾಲೇ ನಮ್ಮ ಗಡಿಯಾರ ಶುರು." ಯಾರೂ ಎದುರು ಮಾತಾಡಲಿಲ್ಲ. ಗುಂಪಿನಲ್ಲಿ ದೂರ ಸೈಕಲ್ ತುಳಿಯುವವರು ಬೇರೆ ಯಾವ ನಿಯಮ ಮರೆತರೂ ಇದೊಂದನ್ನು ಮರೆಯಬೇಡಿ.

ನಮ್ಮದು ಇನ್ನೆರಡು ನಿಯಮ ಇದ್ದವು. ಮಕ್ಕಳಿಗೆ ಚಾಕೊಲೇಟ್, ದುಡ್ಡು ಹಂಚಬಾರದು. ಇದು ಮೇಷ್ಟ್ರ ನಿಯಮ. ಇವತ್ತು ಕೈ ಬೀಸುವ ಮಗು ನಾಳೆ ಕೈ ಚಾಚುವುದನ್ನು ಕಲಿಯಬಾರದು ಅಂತ. ಇನ್ನೊಂದು, ಮೂತ್ರಕ್ಕೆ ಅಂತ ರಸ್ತೆ ಬಿಟ್ಟು ಪೊದೆಯೊಳಗೆ ಹೋಗಬಾರದು. 1964ರಿಂದ 1973ರವರೆಗೆ ಅಮೆರಿಕ ಈ ಸಣ್ಣ ದೇಶದ ಮೇಲೆ 20 ಲಕ್ಷ ಟನ್‌ಗಿಂತ ಜಾಸ್ತಿ ಬಾಂಬ್ ಸುರಿದಿದೆ. ಚೆಂಡಿನಷ್ಟು ಚಿಕ್ಕ ಬಾಂಬುಗಳೇ ಸುಮಾರು 27 ಕೋಟಿ. ಅದರಲ್ಲಿ ಸುಮಾರು ಎಂಟು ಕೋಟಿ ಸಿಡಿಯದೆ ಮಣ್ಣಿನಲ್ಲಿ ಉಳಿದವು. ನಮ್ಮ ದಾರಿಯ ಫೂ ಖೂನ್ ಊರಿನಲ್ಲಿ ಪೂರ್ವಕ್ಕೆ ಕವಲೊಡೆಯುವ 7ನೇ ನಂಬರ್ ರಸ್ತೆ ಹೋಗುವುದು ಆ ಬಾಂಬುಗಳನ್ನು ಅತಿ ಹೆಚ್ಚು ತಿಂದ ಪ್ರಾಂತ್ಯಗಳಲ್ಲಿ ಒಂದಾದ ಸೀಯೆಂಗ್ ಖುವಾಂಗ್ ಕಡೆಗೆ. ಗುದ್ದಲಿ ಹಿಡಿದು ಹೊಲಕ್ಕೆ ಇಳಿಯುವ ರೈತನಿಗೆ ಇವತ್ತೂ ಆ ಭಯ ಇದೆ ಅಂದರೆ ಹೊಟ್ಟೆ ಕಿವಿಚಿದ ಹಾಗಾಗುತ್ತದೆ.

ಎರಡನೇ ದಿನ ಬೆಟ್ಟದ ನೆತ್ತಿಯ ಮೇಲೆ. ರಸ್ತೆಗೆ ಅಂಟಿಕೊಂಡೇ ಊರುಗಳು. ಖಮು ಜನರದು ಕೆಲವು, ಮೊಂಗ್ ಜನರದು ಕೆಲವು. ಮನೆಯ ಮುಂಬಾಗಿಲು ರಸ್ತೆಗೆ, ಹಿಂಬಾಗಿಲು ಪ್ರಪಾತಕ್ಕೆ. ಕೊನೆಯ ಸೈಕಲ್ಲಿನ ಭಾಗ್ಯ ಏನೆಂದು ನನಗೆ ಗೊತ್ತಾದದ್ದು ಇಲ್ಲಿ. ನಮ್ಮ ಮುಂದಿನವನು ಊರೊಳಗೆ ಹೋದಾಗ ಒಂದು ಮಗು ನೋಡಿ "ಸಬಾಯ್‌ದೀ!" ಅಂತ ಕೂಗುತ್ತದೆ. ಆ ಕೂಗಿಗೆ ಇನ್ನೆರಡು ಮಕ್ಕಳು ಹೊರಗೆ ಬರುತ್ತವೆ. ಮೂರನೆಯವರಿಗೆ ಐದು ಮಕ್ಕಳು. ಐದು ನಿಮಿಷ ಬಿಟ್ಟು ಮೇಷ್ಟ್ರೂ ನಾನೂ ಬರುವಷ್ಟರಲ್ಲಿ ಇಡೀ ಕೇರಿಯ ಮಕ್ಕಳು ರಸ್ತೆ ಬದಿಗೆ ಸಾಲಾಗಿ ನಿಂತು ಕೈ ಮುಂದೆ ಚಾಚಿರುತ್ತಿದ್ದವು, ಅಂಗೈಗೆ ಅಂಗೈ ತಟ್ಟಿಸಿಕೊಳ್ಳಲು. ಮೇಷ್ಟ್ರು ಒಂದು ಮಗುವನ್ನೂ ಬಿಡುತ್ತಿರಲಿಲ್ಲ. ಸೈಕಲ್ ಇಳಿದು, ತಳ್ಳಿಕೊಂಡು, ಕೊನೆಯ ಮಗುವಿನವರೆಗೂ ಹೋಗುತ್ತಿದ್ದರು.

ಇಲ್ಲಿ ಬಿಳಿಯರನ್ನು ಫಲಂಗ್ ಅನ್ನುತ್ತಾರೆ. ನಮ್ಮ ಪರಂಗಿಯವರು ಅನ್ನುವ ಮಾತೇ ಅದು, ಒಂದೇ ಬೇರಿನದು. ನಮ್ಮಂಥವರಿಗೆ ಖ್ಯಾಕ್ ಅನ್ನುತ್ತಾರೆ. ಅದೇ ಮಾತಿಗೆ ಅತಿಥಿ ಅನ್ನುವ ಅರ್ಥವೂ ಇದೆ ಅಂತ ತಿಳಿದಾಗ ಮೇಷ್ಟ್ರಿಗೆ ಬಹಳ ಸಂತೋಷವಾಯಿತು.

ಆ ಕಾಲದಲ್ಲಿ ರಸ್ತೆಯ ಅರ್ಧ ಭಾಗ ಹುಲ್ಲಿನದು. ಪೊರಕೆ ಹುಲ್ಲು. ನಮ್ಮ ಮನೆಗಳಲ್ಲಿ ಗುಡಿಸುವ ಮೆತ್ತನೆಯ ಪೊರಕೆ ಇದೆಯಲ್ವಾ, ಅದೇ ಹುಲ್ಲು. ಹೆಂಗಸರು ಬೆಟ್ಟದಿಂದ ಹೊರೆ ಹೊತ್ತು ತಂದು, ಹೂವಿನ ತುದಿ ಹಿಡಿಯಾಗಿ ಹಿಡಿದು ಡಾಂಬರಿಗೆ ಬಡಿಯುತ್ತಾರೆ. ಕಾಳು, ಧೂಳು ಉದುರುತ್ತದೆ. ಆಮೇಲೆ ಬೀಸಣಿಗೆಯ ಹಾಗೆ ಹರಡಿ ಬಿಸಿಲಿಗೆ ಬಿಡುತ್ತಾರೆ. ನಮ್ಮ ತುಮಕೂರು ಕಡೆ ರಾಗಿ, ಹುರುಳಿಯನ್ನು ರೋಡಿಗೆ ಹಾಕಿ ಒಕ್ಕುವುದನ್ನು ನೋಡಿ ಬೆಳೆದವನು ನಾನು. ಆ ಹುಲ್ಲಿನ ಪಕ್ಕ ಹಾದಾಗ ಮೂಗಿಗೆ ಬಂದದ್ದು ಕಣದ ವಾಸನೆ.

ಅಂಥ ಒಂದು ಊರಿನಲ್ಲೇ ಮೇಷ್ಟ್ರ ಹಿಂದಿನ ಚಕ್ರದಿಂದ ಟಣ್ ಅಂತ ಸದ್ದು ಬಂತು. ಸ್ಪೋಕ್ ಕಡ್ಡಿ ಮುರಿದಿತ್ತು. ಪ್ರವಾಸಕ್ಕೆಂದೇ ಅಂಗಡಿಯೊಂದರಲ್ಲಿ ಹೊಸದಾಗಿ ಕಟ್ಟಿಸಿದ ಚಕ್ರ. ಕಡ್ಡಿಗಳನ್ನು ಒಂದೇ ಸಮ ಬಿಗಿ ಮಾಡಿರಲಿಲ್ಲ, ನಾನೂ ಹೊರಡುವ ಮುಂಚೆ ಮುಟ್ಟಿ ನೋಡಬೇಕಿತ್ತು. ಮುರಿದದ್ದು ಬಲಗಡೆಯ ಕಡ್ಡಿ, ಚೈನ್ ಇರುವ ಕಡೆ. ಅದನ್ನು ಹಾಕಬೇಕಾದರೆ ಹಲ್ಲಿನ ಚಕ್ರಗಳ ಕಟ್ಟು, ಅಂದರೆ ಕ್ಯಾಸೆಟ್ ಬಿಚ್ಚಬೇಕು. ಅದರ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಕ್ಯಾಸೆಟ್ಟೂ ಜೊತೆಗೇ ತಿರುಗುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಚೈನ್ ವಿಪ್ ಅನ್ನುವ ಸಾಧನ ಮುಂದೆ ಹೋದವರ ಚೀಲದಲ್ಲಿ ಉಳಿದಿತ್ತು. ಫೋನಿಗೆ ಸಿಗ್ನಲ್ ಇಲ್ಲ.

ಎದುರಿನ ಮನೆಯ ಜಗಲಿಯಲ್ಲಿ ಒಬ್ಬ ಹುಡುಗ ಬೈಕ್ ರಿಪೇರಿ ಮಾಡುತ್ತಿದ್ದ. ಬಂದು ಕುಕ್ಕರಗಾಲಲ್ಲಿ ಕೂತ. ನಾನು ಕೈಸನ್ನೆಯಲ್ಲಿ ತಿರುಗಿಸಿ ತೋರಿಸಿದೆ. ಒಂದು ಕ್ಷಣ ನೋಡಿ ಒಳಗೆ ಹೋಗಿ, ಸಣ್ಣ ಬೈಕಿನ ಹಳೇ ಚೈನ್ ತುಂಡೊಂದನ್ನು ತಂದ. ಅದನ್ನು ಕ್ಯಾಸೆಟ್ಟಿನ ದೊಡ್ಡ ಹಲ್ಲಿಗೆ ಸುತ್ತಿ, ಎರಡೂ ತುದಿಯನ್ನು ಇಕ್ಕಳದಲ್ಲಿ ಕಚ್ಚಿಸಿ ಹಿಡಿದ. ಸೈಕಲ್, ಸಣ್ಣ ಬೈಕು, ಎರಡರ ಚೈನಿನ ಕೊಂಡಿಗಳ ಅಂತರವೂ ಒಂದೇ, ಅರ್ಧ ಇಂಚು. ಹಲ್ಲಿಗೆ ಸರಿಯಾಗಿ ಕೂತಿತು. ನಾನು ಸ್ಪ್ಯಾನರ್ ಮೇಲೆ ಮೈಭಾರ ಹಾಕಿದೆ. ಕರ್ ಅಂತ ಬಿಚ್ಚಿಕೊಂಡಿತು. ಕಡ್ಡಿ ಹಾಕಿ, ಬ್ರೇಕ್ ಕಟ್ಟೆಯನ್ನೇ ಗುರುತು ಇಟ್ಟುಕೊಂಡು ಅವನೇ ಬೆಂಡ್ ತೆಗೆದ. ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ಸದ್ದು ಕೇಳಿ, ಕಾಲು ಸುತ್ತು, ಅರ್ಧ ಸುತ್ತು ಬಿಗಿ ಮಾಡುತ್ತಿದ್ದ. ಚಿಕ್ಕಂದಿನಲ್ಲಿ ನಮ್ಮೂರ ಸೈಕಲ್ ಶಾಪಿನ ಸಾಬರು ಹೀಗೇ ಮೀಟಿ ಕೇಳುತ್ತಿದ್ದರು.

ಅಷ್ಟರಲ್ಲಿ ಆ ಮನೆಯ ಅಜ್ಜಿ ಊಟ ಇಟ್ಟರು. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಖಾವ್ ನಿಯಾವ್, ಆವಿಯಲ್ಲಿ ಬೇಯಿಸಿದ ಅಂಟು ಅನ್ನ. ಪಕ್ಕಕ್ಕೆ ಸುಟ್ಟ ಮೆಣಸಿನಕಾಯಿ ಕುಟ್ಟಿದ ಚಟ್ನಿ. ಮೇಷ್ಟ್ರು "ಕಿನ್ ಜೇ" ಅಂದರು, ಸಸ್ಯಾಹಾರ ಅಂತ. ಅವರು ಕಲಿತಿದ್ದ ಮೂರೇ ಮಾತುಗಳಲ್ಲಿ ಅದೊಂದು. ಅಜ್ಜಿ ನಕ್ಕು ಚಟ್ನಿ ಬಟ್ಟಲನ್ನು ಬದಲಾಯಿಸಿದರು, ಮೊದಲಿನದರಲ್ಲಿ ಮೀನು ಇದ್ದಿರಬೇಕು. ಅನ್ನವನ್ನು ಬೆರಳಲ್ಲಿ ಉಂಡೆ ಮಾಡಿ ಚಟ್ನಿಗೆ ಅದ್ದಿ ತಿನ್ನಬೇಕು. ಮೇಷ್ಟ್ರು ಮುದ್ದೆಯ ಹಾಗೆ ನುಂಗಲು ಹೋದರು. ಅಜ್ಜಿ ತಮ್ಮ ದವಡೆ ಆಡಿಸಿ ತೋರಿಸಿದರು, ಅಗಿಯಬೇಕು ಅಂತ.

ಹುಡುಗ ದುಡ್ಡು ಮುಟ್ಟಲಿಲ್ಲ. ಹೊರಡುವಾಗ ಅಜ್ಜಿ ಬಿಳಿ ನೂಲು ತಂದು, ಏನೋ ಗುನುಗುತ್ತಾ ನಮ್ಮಿಬ್ಬರ ಮಣಿಕಟ್ಟಿಗೆ ಕಟ್ಟಿದರು. ದೇಹದಲ್ಲಿ 32 ಜೀವಚೈತನ್ಯಗಳು ಇವೆ, ದೂರ ಹೋಗುವವನಿಂದ ಅವು ತಪ್ಪಿಸಿಕೊಳ್ಳಬಾರದು ಅಂತ ಕಟ್ಟುವುದು ಲಾವೋ ಜನರ ಪದ್ಧತಿ. ಮೂರು ದಿನವಾದರೂ ಬಿಚ್ಚಬಾರದಂತೆ. ಮೇಷ್ಟ್ರು "ಖೊಪ್ ಚಾಯ್" ಅಂದು, ಬಗ್ಗಿ ಅಜ್ಜಿಯ ಪಾದ ಮುಟ್ಟಿದರು. ಅಜ್ಜಿ ಗಾಬರಿಯಾಗಿ ಅವರನ್ನು ಎತ್ತಿ ನಿಲ್ಲಿಸಿದರು.

ಮುಂದಿನವರು ಹತ್ತು ಕಿಲೋಮೀಟರ್ ದೂರದಲ್ಲಿ ಎರಡು ಗಂಟೆ ಕಾದಿದ್ದರು. ನಮ್ಮ ಗುಂಪಿನ ಅತಿ ವೇಗದ ಹುಡುಗ, 26 ವರ್ಷದವನು, ನೂಲನ್ನೇ ನೋಡುತ್ತಾ ಕೂತ. ಮೇಷ್ಟ್ರು ಕೂತು ನೀರು ಕುಡಿದು ಮುಗಿಸುವವರೆಗೆ ಯಾರೂ ಹೆಲ್ಮೆಟ್ ಮುಟ್ಟಲಿಲ್ಲ.

ಮೂರನೇ ದಿನ ಫೂ ಖೂನ್‌ನಿಂದ ಕಾಸಿಗೆ, ಹೆಚ್ಚು ಇಳಿಜಾರೇ. ಬೆಳಗ್ಗೆ ಆ ಹುಡುಗ ನನ್ನ ಹತ್ತಿರ ಬಂದು, "ಅಣ್ಣ, ಇವತ್ತು ಮೇಷ್ಟ್ರ ಜೊತೆ ನಾನಿರ್ಲಾ?" ಅಂದ. ಟೂಲ್ ಚೀಲವನ್ನು ಅವನ ಕ್ಯಾರಿಯರಿಗೆ ಕಟ್ಟಿ ನಾನು ಮುಂದೆ ಹೋದೆ. ಸುಣ್ಣಕಲ್ಲಿನ ಕಡಿದಾದ ಬೆಟ್ಟಗಳು ಮಂಜಿನಿಂದ ಎದ್ದು ನಿಂತಿದ್ದವು. ಚೆಂದವೇ. ಆದರೆ ಒಂದೊಂದು ಊರಿನಲ್ಲೂ ಒಂದೋ ಎರಡೋ ಮಕ್ಕಳು ಸಿಕ್ಕವು, ಅಷ್ಟೇ.

ಅವರಿಬ್ಬರು ಕಾಸಿಗೆ ಬಂದದ್ದು ನಮಗಿಂತ ಒಂದೂವರೆ ಗಂಟೆ ತಡವಾಗಿ. ಮೇಷ್ಟ್ರ ಹಿಂದಿನ ಚೀಲದ ಮೇಲೆ ಒಂದು ಹೊಸ ಪೊರಕೆ ಅಡ್ಡಲಾಗಿ ಕಟ್ಟಿತ್ತು, ದಾರಿಯಲ್ಲಿ ಕೊಂಡದ್ದು. ವಿಮಾನದಲ್ಲಿ ತರುವುದು ಕಷ್ಟ ಅಂತ ನಾನು ಹೇಳಬೇಕಾಯಿತು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ಗೆಸ್ಟ್‌ಹೌಸಿನ ಯಜಮಾನಿಗೆ ಕೊಟ್ಟರು. ಮರುದಿನ ಬೆಳಗ್ಗೆ ನಾವು ಟಯರಿಗೆ ಗಾಳಿ ಹೊಡೆಯುತ್ತಿದ್ದಾಗ ಆಕೆ ಅದರಲ್ಲೇ ಅಂಗಳ ಗುಡಿಸುತ್ತಿದ್ದರು. ಹೊಸ ಹುಲ್ಲಿನ ಕಾಳು ಇನ್ನೂ ಉದುರುತ್ತಿತ್ತು, ಅದನ್ನೂ ಸೇರಿಸಿ ಗುಡಿಸುತ್ತಿದ್ದರು.