ಬೇರೆಯವರ ರೇಜರ್ ಮಾರಿಗಿ ಹೆಂಗ ಹಚ್ಕೋತೀರಿ?

ಕಲಬುರಗಿಯ ನಮ್ಮ ಮನೆಗೆ ಬಂದವರು ಕಪಾಟಿನಲ್ಲಿರುವ ಹಳೇ ರೇಜರ್‌ಗಳನ್ನು ಕಂಡ ಕೂಡಲೇ ಕೇಳೋದು ಇದನ್ನೇ: "ಯಾರೋ ದಾಡಿ ಮಾಡ್ಕೊಂಡು ಬಿಟ್ಟಿದ್ದು, ನಿಮ್ಮ ಮಾರಿಗಿ ಹೆಂಗ ಹಚ್ಕೋತೀರಿ? ಹೊಲಸ ಅನ್ಸಲ್ಲೇನ್ರಿ?"

ಪ್ರಶ್ನೆ ಸರಿಯಾಗೇ ಇದೆ. ಒಬ್ಬರ ಬ್ಲೇಡನ್ನು ಇನ್ನೊಬ್ಬರು ಬಳಸಿದರೆ ಹೆಪಟೈಟಿಸ್ ಬಿ, ಸಿ ಹರಡಬಹುದು. ಕಟಿಂಗ್ ಅಂಗಡಿಯಲ್ಲಿ ನಮ್ಮ ಕಣ್ಣೆದುರೇ ಹೊಸ ಬ್ಲೇಡ್ ಹಾಕಿಸೋದು ಅದಕ್ಕೇ. ಬ್ಲೇಡ್ ಬದಲಿಸಲು ಬರುವ ಸೇಫ್ಟಿ ರೇಜರ್‌ನಲ್ಲೂ ಅಷ್ಟೇ: ಕೂದಲು ಕತ್ತರಿಸೋ ಬ್ಲೇಡ್ ನನ್ನದು, ಕಿರಾಣಿ ಅಂಗಡಿಯಿಂದ ತಂದ ಹೊಸದು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಇಂಥ ತನ್ನ ರೇಜರ್ ಮಾರಲು ಶುರು ಮಾಡಿದ್ದು 1903ರಲ್ಲಿ, ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಇವತ್ತಿನ ಎರಡು ಅಲಗಿನ ಬ್ಲೇಡ್ ಆ ಕಾಲದ ಮಾದರಿಗೂ ಕೂಡುತ್ತದೆ. ನನಗೆ ಈ ಹುಚ್ಚು ಹಿಡಿಸಿದ್ದೇ ಈ ಸಂಗತಿ.

ಆದರೆ ಬ್ಲೇಡ್ ಹಿಡಿದಿರುವ ರೇಜರ್ ತಲೆಯೂ ಚರ್ಮಕ್ಕೆ ತಾಗುತ್ತದೆ, ಹಾಗಾಗಿ ತೊಳೆಯುವುದರಲ್ಲಿ ಉದಾಸೀನ ಕೂಡದು. ಬಿಚ್ಚಲು ಬರುವಂಥದ್ದಾದರೆ ಬಿಚ್ಚಿ ಬೆಚ್ಚನೆ ನೀರು, ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಸುತ್ತೇನೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಹಿಡಿಕೆಯ ಗೀರುಗಳ ಸಂದಿ ಉಜ್ಜಿದರೆ ಒಣಗಿದ ಸೋಪು ಕಪ್ಪು ನೊರೆಯಾಗಿ ಹೊರಗೆ ಬರುತ್ತದೆ. ನೀರು ತಿಳಿಯಾಗುವ ತನಕ ತೊಳೆದು, ಕೊನೆಗೆ ಸ್ಪಿರಿಟ್ ಒರೆಸುತ್ತೇನೆ. ಹಿತ್ತಾಳೆ ಕೊಡ ಬೆಳಗುವಂತೆ ಹುಣಸೆಹಣ್ಣು ಹಚ್ಚಬೇಡಿ, ಬೂದಿಯಂತೂ ಬೇಡವೇ ಬೇಡ. ಹಳೇ ಜಿಲೆಟ್‌ಗಳಲ್ಲಿ ಹೆಚ್ಚಿನವು ಹಿತ್ತಾಳೆಯವೇ, ಆದರೆ ಮೇಲಿರುವ ನಿಕಲ್ ಲೇಪನ ತೆಳ್ಳಗಿರುತ್ತದೆ.

ಇಲ್ಲಿ ಬೀದರಿನವರಿಗೆ ಒಂದು ಮಾತು. ಬಿದರಿ ಪಾತ್ರೆಯ ಮೂಲ ಲೋಹ ಸತು, ಜೊತೆಗೆ ಸ್ವಲ್ಪ ತಾಮ್ರ. ಕೋಟೆಯ ಮಣ್ಣು ಕಲಸಿದ ಮಿಶ್ರಣ ಹಚ್ಚಿದರೆ ಆ ಲೋಹ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತಲೇ ಉಳಿಯುತ್ತದೆ. ಅಗ್ಗದ ರೇಜರ್‌ಗಳ ತಲೆಯನ್ನೂ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಾರೆ. ಬಿದರಿಯಲ್ಲಿ ಚೆಲುವು ತರುವ ಆ ಗುಣವೇ ಇಲ್ಲಿ ಕೇಡು: ಲೇಪನ ಎದ್ದ ಜಾಗದಲ್ಲಿ ನೀರು ನಿಂತರೆ ಸತು ತಿಂದುಹೋಗಿ ಸಣ್ಣ ಗುಂಡಿಗಳು ಬೀಳುತ್ತವೆ. ಅಂಥದ್ದನ್ನು ಎಷ್ಟು ತೊಳೆದರೂ ಶುದ್ಧ ಆಯಿತೆಂಬ ನಂಬಿಕೆ ನನಗಿಲ್ಲ. ಪುಕ್ಕಟೆ ಕೊಟ್ಟರೂ ತರುವುದಿಲ್ಲ. ಹಿತ್ತಾಳೆಯದರಲ್ಲಿ ಲೇಪನ ಸವೆದು ಹಳದಿ ಕಂಡರೂ ನನಗೆ ಚಿಂತೆಯಿಲ್ಲ, ಅದು ಇನ್ನೂ ಎಷ್ಟೋ ವರ್ಷ ಬಾಳುತ್ತದೆ.

ಅಮೆರಿಕದಲ್ಲಿ ತಯಾರಾದ ಜಿಲೆಟ್ ಸಿಕ್ಕರೆ ತಲೆಯ ಕೆಳಗೆ ನೋಡಿ. ಒಂದು ಅಕ್ಷರ, ಒಂದು ಅಂಕಿ ಇದ್ದರೆ ಅಕ್ಷರ ವರ್ಷ ಹೇಳುತ್ತದೆ, ಅಂಕಿ ಆ ವರ್ಷದ ಯಾವ ಮೂರು ತಿಂಗಳು ಅಂತ ಹೇಳುತ್ತದೆ. "ಎ 1" ಅಂದರೆ 1955ರ ಮೊದಲ ಮೂರು ತಿಂಗಳು.

ಬಳಸುವಾಗ ಒತ್ತಬಾರದು. ಬ್ಲೇಡ್ ಕೆನ್ನೆಗೆ ಸುಮಾರು 30 ಡಿಗ್ರಿ ಓರೆಯಾಗಿ ತಾಗುವಂತೆ ಹಿಡಿದರೆ ರೇಜರ್‌ನ ಭಾರವೇ ಸಾಕು. ನಮ್ಮ ಕಡೆಯ ಗಡಸು ಬೋರ್ ನೀರಿನಲ್ಲಿ ನೊರೆ ಏಳಲ್ಲ, ದಾಡಿಗೆ ಕುಡಿಯುವ ಫಿಲ್ಟರ್ ನೀರು ಒಂದು ಲೋಟ ಇಟ್ಟುಕೊಳ್ಳಿ. ಮುಗಿದ ಮೇಲೆ ತಲೆ ಬಿಚ್ಚಿ ಒರೆಸಿ ಒಣಗಿಸಿ, ಇಲ್ಲವಾದರೆ ಬಿಳಿ ಸುಣ್ಣದ ಕಲೆ ಕೂರುತ್ತದೆ. ಹಳೇ ಬ್ಲೇಡನ್ನು ಕಸದ ಚೀಲಕ್ಕೆ ಹಾಗೇ ಹಾಕಬೇಡಿ, ಕಸ ಆರಿಸುವವರ ಕೈಗೆ ಚುಚ್ಚುತ್ತದೆ. ಮುಚ್ಚಳದ ತಗಡಿನ ಡಬ್ಬಿಯಲ್ಲಿ ಕೂಡಿಟ್ಟು, ತುಂಬಿದ ಮೇಲೆ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಅಂತ ಬರೆದು ಕೊಡಿ.