ಎಂ.ಎ. ಕೊನೆಯ ಸೆಮಿಸ್ಟರ್: ಪರೀಕ್ಷೆಗೂ ವೈವಾಗೂ ಒಂದೇ ಓದು

ಎಂ.ಎ. ನಾಲ್ಕನೆಯ ಸೆಮಿಸ್ಟರಿನಲ್ಲಿ ಲಿಖಿತ ಪರೀಕ್ಷೆಯೂ ಕಿರುಪ್ರಬಂಧದ ಮೌಖಿಕ ಪರೀಕ್ಷೆಯೂ (ವೈವಾ) ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದು ಆಮೇಲೆ ಹಾಸನ ವಿಶ್ವವಿದ್ಯಾಲಯದ ಆವರಣವಾದ ಹೇಮಗಂಗೋತ್ರಿಯಲ್ಲಿ ಕನ್ನಡ ಓದುವ ನಮ್ಮಂಥವರಲ್ಲಿ ಬಹಳ ಮಂದಿ ಮೊದಲು ಪ್ರಬಂಧ ಮುಗಿಸಿ ಬೈಂಡಿಂಗಿಗೆ ಕೊಟ್ಟುಬಿಡೋಣ, ಆಮೇಲೆ ಪರೀಕ್ಷೆಗೆ ಓದೋಣ, ವೈವಾದ ಹಿಂದಿನ ದಿನ ಪ್ರಬಂಧವನ್ನು ಒಮ್ಮೆ ತಿರುವಿಹಾಕಿದರೆ ಸಾಕು ಎಂದು ಲೆಕ್ಕ ಹಾಕುತ್ತಾರೆ. ನನಗೆ ಈ ಲೆಕ್ಕ ಒಪ್ಪಿಗೆಯಾಗಲಿಲ್ಲ. ಬೇಲೂರು ತಾಲ್ಲೂಕಿನ ಶಾಸನಗಳಲ್ಲಿ ಬರುವ ಕೆರೆಗಳನ್ನು ಕುರಿತು ಪ್ರಬಂಧ ಬರೆಯುತ್ತಲೇ ಶಾಸನಶಾಸ್ತ್ರದ ಪತ್ರಿಕೆಗೂ ಓದಿಕೊಂಡ ನನ್ನ ಅನುಭವದಲ್ಲಿ, ಶಾಸನದ ಪಾಠವನ್ನೇ ಎದುರಿಗಿಟ್ಟುಕೊಂಡು ಓದಿದವರಿಗೆ ಎರಡು ತಯಾರಿಗಳ ಅಗತ್ಯವೇ ಬೀಳುವುದಿಲ್ಲ.

ಈ ತಾಲ್ಲೂಕಿನ ಶಾಸನಗಳ ಬಗ್ಗೆ ಬರೆಯುವವರು ಯಾರೇ ಆಗಲಿ, ಪೀಠಿಕೆಯಲ್ಲಿ ಹಲ್ಮಿಡಿಯನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ನಾನೂ "ಕ್ರಿ.ಶ. ಸುಮಾರು 450ರ ಹಲ್ಮಿಡಿ ಶಾಸನ" ಎಂದು ಬರೆದಿದ್ದೆ. ವೈವಾಗೆ ಮೊದಲು ವಿಭಾಗದಲ್ಲಿ ಅಭ್ಯಾಸಕ್ಕೆಂದು ನಡೆಸಿದ ಮೌಖಿಕದಲ್ಲಿ ನಮ್ಮ ಮಾರ್ಗದರ್ಶಕರು ಶುರು ಮಾಡಿದ್ದೇ ಅಲ್ಲಿಂದ.

"ಅಲ್ಲಮ್ಮಾ, 450 ಅಂತ ಬರೆದಿದ್ದೀಯಲ್ಲ, ಕಲ್ಲಿನ ಮೇಲೆ ಇಸವಿ ಇದೆಯಾ?"

"ಇಲ್ಲ ಮೇಡಂ."

"ಹಾಗಾದರೆ ಅದು ಎಲ್ಲಿಂದ ಬಂತು, ಹೇಳು."

ಆ ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಅಕ್ಷರಗಳ ರೂಪ, ಭಾಷೆಯ ಹಳಮೆ, ಪಾಠದಲ್ಲಿ ಬರುವ ಕದಂಬ ಕಾಕುಸ್ಥನ ಹೆಸರು, ಇವುಗಳನ್ನು ಕೂಡಿಸಿ ವಿದ್ವಾಂಸರು ಊಹಿಸಿದ ಕಾಲವದು. ಆದ್ದರಿಂದಲೇ "ಸುಮಾರು" ಎಂಬ ಮಾತನ್ನು ಅಲ್ಲಿಂದ ತೆಗೆಯುವಂತಿಲ್ಲ. ಇಷ್ಟು ಹೇಳಿದ ಮೇಲೆ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ, ಶಾಸನಸಂಪುಟಗಳ ಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಸಂಪುಟದಲ್ಲಿ ಈ ಶಾಸನ ಏಕಿಲ್ಲ? ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದದ್ದು 1936ರಲ್ಲಿ, ಆದ್ದರಿಂದ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸಿಂಹಕಟಾಂಜನ (ಸಿಂಹಾಕೃತಿಯ ಕಟಕಟೆಯ) ಶಾಸನವನ್ನು ಕ್ರಿ.ಶ. 370ರದೆಂದು ಹೇಳುತ್ತಿರುವಾಗ ಹಲ್ಮಿಡಿಯನ್ನು ಕನ್ನಡದ ಮೊದಲ ಶಾಸನ ಎಂದು ಬರೆಯಬಹುದೇ? ಇಲ್ಲಿ ಒಂದೇ ಸರಿಯುತ್ತರವನ್ನು ಯಾರೂ ಬಯಸುವುದಿಲ್ಲ. ಎರಡೂ ವಾದಗಳಿಗೆ ಏನು ಆಧಾರವಿದೆಯೆಂದು ಹೇಳಿ, ನೀವು ಯಾವುದನ್ನು ಏಕೆ ಒಪ್ಪುತ್ತೀರಿ ಎಂಬುದನ್ನು ತಿಳಿಸಬೇಕು. "ಹಲ್ಮಿಡಿ ಶಾಸನದ ಮಹತ್ವವನ್ನು ವಿವೇಚಿಸಿ" ಎಂದು ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ಬರೆಯಬೇಕಾದದ್ದೂ ಇದನ್ನೇ.

ಕಾಲಗಣನೆಯಲ್ಲಿಯೂ ಹೀಗೆಯೇ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿರುವ ವಿಷ್ಣುವರ್ಧನನ ಶಾಸನ ಶಕವರ್ಷ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ ಎಂದು ತಿಥಿಯನ್ನು ಕೊಡುತ್ತದೆ. ಶಕವರ್ಷವನ್ನು ಇಸವಿಗೆ ತರಲು 78ನ್ನು ಕೂಡಿಸಿದರೆ 1117 ಎಂದು ಎಲ್ಲರೂ ಹೇಳುತ್ತಾರೆ. ಅದೇ ಶಕವರ್ಷದ ಮಾಘ ಮಾಸದಲ್ಲಿ ಹಾಕಿಸಿದ ಶಾಸನವಾಗಿದ್ದರೆ? ಚೈತ್ರದಲ್ಲಿ ಆರಂಭವಾಗುವ ವರ್ಷದ ಕೊನೆಯ ಮಾಸಗಳು ಮುಂದಿನ ಇಸವಿಗೆ ದಾಟಿಹೋಗುವುದರಿಂದ ಆಗ 79ನ್ನು ಕೂಡಿಸಬೇಕು. ಪ್ರಬಂಧದ ಅನುಬಂಧದಲ್ಲಿ ಶಾಸನಗಳ ಪಟ್ಟಿ ಕೊಡುವವರು ಪ್ರತಿಯೊಂದರ ಮಾಸವನ್ನೂ ನೋಡಿ ಇಸವಿಯನ್ನು ಲೆಕ್ಕ ಹಾಕಿರಬೇಕು, ಹಾಕಿದ ಲೆಕ್ಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಉಳಿಸಿಕೊಂಡಿರಬೇಕು. ಶಾಸನದ ಸಂಖ್ಯೆಯನ್ನು ಕೊಡುವಾಗ ರೈಸ್ ಅವರ ಸಂಪುಟದ್ದೋ, ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ಪ್ರಕಟಿಸಿದ ಸಂಪುಟದ್ದೋ ಎಂಬುದನ್ನು ತಪ್ಪದೆ ತಿಳಿಸಬೇಕು. ಎರಡರ ಸಂಖ್ಯೆಗಳು ಬೇರೆ ಬೇರೆ, ಪರೀಕ್ಷಕರು ಪುಟ ತೆರೆದು ನೋಡಿದರೆ ಬೇರೆ ಯಾವುದೋ ದಾನಶಾಸನ ಸಿಗುತ್ತದೆ.

ಛಂದಸ್ಸು, ಕಾವ್ಯಮೀಮಾಂಸೆ, ಭಾಷಾವಿಜ್ಞಾನದಂಥ ಉಳಿದ ಪತ್ರಿಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು, ಗಡಿಯಾರ ನೋಡಿಕೊಂಡು, ಪೂರ್ತಿ ಉತ್ತರಗಳನ್ನು ಕೈಯಲ್ಲಿ ಬರೆದು ಅಭ್ಯಾಸ ಮಾಡುವುದಕ್ಕಿಂತ ಒಳ್ಳೆಯ ದಾರಿ ನನಗೆ ತಿಳಿದಿಲ್ಲ. ಇಡೀ ಸೆಮಿಸ್ಟರ್ ಮೊಬೈಲಿನಲ್ಲೇ ಟಿಪ್ಪಣಿ ಮಾಡಿಕೊಂಡ ಕೈಗೆ ಮೂರು ಗಂಟೆ ಬಿಡದೆ ಬರೆಯುವುದು ಸುಲಭವಲ್ಲ.

ಪ್ರಬಂಧದ ವಿಷಯದಲ್ಲಿ ನನಗೆ ನಿಜವಾಗಿ ಕಳವಳವಿರುವುದು ಟೈಪಿಂಗ್ ಬಗ್ಗೆ. ಡಿಟಿಪಿ ಸೆಂಟರುಗಳಲ್ಲಿ ಇಂದಿಗೂ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಕೊಡುವವರಿದ್ದಾರೆ. ಆ ಫಾಂಟುಗಳಲ್ಲಿ ನಮ್ಮ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಆದ್ದರಿಂದ ಕೃತಿಚೌರ್ಯ ತಪಾಸಣೆಯ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಅಕ್ಷರರಾಶಿ. ಯುನಿಕೋಡಿಗೆ ಪರಿವರ್ತಿಸಿದಾಗ ಅರ್ಕಾವೊತ್ತು ಸ್ಥಾನ ತಪ್ಪುತ್ತದೆ, ಒತ್ತಕ್ಷರಗಳು ಚೆದುರುತ್ತವೆ. ಶಾಸನಪಾಠಗಳಲ್ಲಿ ಬರುವ ಱ ಮತ್ತು ೞ ಎಷ್ಟೋ ಫಾಂಟುಗಳಲ್ಲಿ ಚೌಕವಾಗಿ ನಿಂತುಬಿಡುತ್ತವೆ. ಶಾಸನದ ಪಾಠದಲ್ಲಿ ಒಂದು ಅಕ್ಷರ ಬಿದ್ದುಹೋದರೂ ಪಾಠವೇ ಕೆಟ್ಟಂತೆ. ಮೊದಲಿನಿಂದಲೂ ಯುನಿಕೋಡಿನಲ್ಲೇ ಟೈಪ್ ಮಾಡಿ, ಆಗದಿದ್ದರೆ ಪರಿವರ್ತಿಸಿದ ಪ್ರತಿಯನ್ನು ಗೆಳತಿಯೊಬ್ಬರನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿ, ಮೂಲದೊಂದಿಗೆ ಸಾಲು ಸಾಲಾಗಿ ತಾಳೆ ನೋಡಿ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ಕೃತಿಚೌರ್ಯ ನಿಯಮದ ಪ್ರಕಾರ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಅದನ್ನು ಮೀರಿ ಶೇ. 40ರವರೆಗೆ ಇದ್ದರೆ 6 ತಿಂಗಳೊಳಗೆ ತಿದ್ದಿದ ಪ್ರತಿಯನ್ನು ಕೊಡಬೇಕು, ಶೇ. 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಇನ್ನೂ ಹೆಚ್ಚಿದ್ದರೆ ನೋಂದಣಿಯೇ ರದ್ದು. ಶಾಸನಗಳ ಮೇಲೆ ಬರೆಯುವವರು ಇದಕ್ಕೆ ಹೆದರಿ ಮೂಲಪಾಠಗಳನ್ನು ಕತ್ತರಿಸುವ ಅಗತ್ಯವಿಲ್ಲ; ಆಕರವನ್ನು ಹೇಳಿ ಉದ್ಧರಿಸಿದ ಭಾಗವನ್ನು ಆ ನಿಯಮವೇ ಲೆಕ್ಕದಿಂದ ಹೊರಗಿಡುತ್ತದೆ. ಕತ್ತರಿಸಬೇಕಾದದ್ದು ಹೊಯ್ಸಳರ ರಾಜಕೀಯ ಇತಿಹಾಸ ಎಂಬ ಹೆಸರಿನಲ್ಲಿ ಪ್ರತಿ ಪ್ರಬಂಧದಲ್ಲೂ ಅವವೇ ವಾಕ್ಯಗಳಲ್ಲಿ ಬರುವ ಆ ಎರಡನೆಯ ಅಧ್ಯಾಯವನ್ನು. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಮೂರು ಪುಟ ಧಾರಾಳವಾಯಿತು.

ಹೊರಗಿನಿಂದ ಬರುವ ಪರೀಕ್ಷಕರು ಕ್ಷೇತ್ರಕಾರ್ಯದ ಬಗ್ಗೆ ಕೇಳದೆ ಬಿಡುವುದಿಲ್ಲ. ಆ ಕೆರೆ ಈಗಲೂ ಇದೆಯೇ, ತೂಬು ಯಾವ ಕಡೆಗಿದೆ, ಕಲ್ಲು ಏರಿಯ ಮೇಲಿದೆಯೋ ದೇವಸ್ಥಾನದ ಅಂಗಳಕ್ಕೆ ಬಂದಿದೆಯೋ, ಊರಿನವರು ಅದನ್ನು ಏನೆಂದು ಕರೆಯುತ್ತಾರೆ? ಇವೆಲ್ಲ ಪುಸ್ತಕದಲ್ಲಿ ಸಿಗುವ ಸಂಗತಿಗಳಲ್ಲ. ಮಳೆ ಹಿಡಿದ ಮೇಲೆ ನಮ್ಮ ಕಡೆ ಕಲ್ಲುಗಳಿಗೆ ಪಾಚಿ ಕಟ್ಟುವುದರಿಂದ ಬೇಸಿಗೆಯಲ್ಲೇ ಹೋಗಿಬರುವುದು ಒಳ್ಳೆಯದು. ಅಕ್ಷರ ಕಾಣಲಿಲ್ಲವೆಂದು ಸೀಮೆಸುಣ್ಣ ತಿಕ್ಕುವುದನ್ನು ದಯವಿಟ್ಟು ಮಾಡಬೇಡಿ. ಸಂಜೆ ಬೆಳಕು ಇಳಿದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಓರೆಯಾಗಿ ಹಿಡಿದರೆ, ಹಗಲಲ್ಲಿ ಬರಿಯ ಬಂಡೆಯಾಗಿ ಕಂಡದ್ದರಲ್ಲಿ ಕೊರೆದ ಗೆರೆಗಳೆಲ್ಲ ನೆರಳು ತುಂಬಿಕೊಂಡು ಎದ್ದು ನಿಲ್ಲುತ್ತವೆ; ಸಾಲುಗಳನ್ನು ಎಣಿಸಬಹುದು, ಮುದ್ರಿತ ಪಾಠದಲ್ಲಿ ಚುಕ್ಕಿ ಹಾಕಿ ಬಿಟ್ಟಿರುವ ಜಾಗದಲ್ಲಿ ಕಲ್ಲು ಚಕ್ಕೆ ಎದ್ದಿರುವುದನ್ನು ಕಣ್ಣಾರೆ ನೋಡಬಹುದು. ಫೋಟೊ ತೆಗೆದಾಗ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು, ದಿನಾಂಕವನ್ನೂ ಊರಿನ ಹೆಸರನ್ನೂ ಆಗಲೇ ಬರೆದಿಟ್ಟುಕೊಳ್ಳಿ.

ವೈವಾದ ದಿನ ಪ್ರಬಂಧದ ಒಂದು ಪ್ರತಿ, ಸಂಪುಟಗಳ ಪುಟಗಳ ಜೆರಾಕ್ಸ್, ಲೆಕ್ಕದ ನೋಟ್‌ಬುಕ್ ಜೊತೆಗಿರಲಿ. ಕೇಳಿದ್ದು ತಿಳಿಯದಿದ್ದರೆ "ಈ ಅಂಶವನ್ನು ನಾನು ಪರಿಶೀಲಿಸಿಲ್ಲ ಸರ್" ಎಂದು ಹೇಳುವುದು ಸುತ್ತಿ ಬಳಸಿ ಮಾತಾಡುವುದಕ್ಕಿಂತ ಎಷ್ಟೋ ಮೇಲು. ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ನೆಟ್ ಮತ್ತು ಕೆ-ಸೆಟ್‌ಗೆ ಸಾಮಾನ್ಯ ವರ್ಗದವರಿಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕಗಳಿರಬೇಕು, ಹಾಗಾಗಿ ಈ ಅಂಕಗಳ ಚಿಂತೆ ಸಹಜವೇ. ಆದರೂ ಪರೀಕ್ಷಕರು ತಿದ್ದುಪಡಿಗಳನ್ನು ಸೂಚಿಸಿದರೆ ಅಂಕ ಬಂದಾಯಿತೆಂದು ಕೈಬಿಡದೆ, ಗ್ರಂಥಾಲಯಕ್ಕೆ ಕೊಡುವ ಪ್ರತಿಯಲ್ಲೂ ಅವನ್ನು ಸೇರಿಸಿಯೇ ಕೊಡಿ. ಮುಂದಿನ ವರ್ಷ ಇದೇ ತಾಲ್ಲೂಕಿನ ಮೇಲೆ ಬರೆಯಲು ಹೊರಡುವ ವಿದ್ಯಾರ್ಥಿ ಮೊದಲು ತೆಗೆದು ಓದುವುದು ಆ ಪ್ರತಿಯನ್ನೇ.