ದಸರಾ ರಜಕ್ಕೆ ಎಲ್ಲೂ ಹೋಗಲ್ವಾ ಅಂತ ಕೇಳೋರಿಗೆ

ಗಣೇಶನ ಹಬ್ಬ ಮುಗೀತಿದ್ದ ಹಾಗೇ ಆಫೀಸಲ್ಲಿ ಶುರು ಆಗತ್ತೆ, "ದಸರಾ ರಜಕ್ಕೆ ಎಲ್ಲಿಗೆ ಪ್ಲಾನು?" ಅಂತ. ಎಲ್ಲೂ ಇಲ್ಲ, ಮನೇಲೇ ಅಂತೀನಿ. "ಹಾಗಾದ್ರೆ ಜಂಬೂ ಸವಾರಿಗಾದ್ರೂ ಹೋಗ್ತೀರಾ?" ಅದಕ್ಕೂ ಹೋಗಲ್ಲ, ಟೀವೀಲಿ ನೋಡ್ತೀವಿ. "ಅಯ್ಯೋ, ಮೈಸೂರಲ್ಲೇ ಇದ್ಕೊಂಡು! ಅಷ್ಟು ದಿನ ಮನೇಲಿ ಕೂತ್ರೆ ಬೋರ್ ಆಗಲ್ವಾ?" ಇದಕ್ಕೆ ಲಿಫ್ಟ್ ಹತ್ರ ನಿಂತ್ಕೊಂಡು ಉತ್ತರ ಹೇಳಕ್ಕಾಗಲ್ಲ, ಅದಕ್ಕೆ ಕೂತು ಬರೀತಿದೀನಿ.

ಮುಂಚೆ ನಾವೂ ಹೋಗ್ತಿದ್ವಿ. ಮಗಳಿಗೆ ರಜ ಕೊಟ್ಟ ಸಂಜೇನೇ ಬ್ಯಾಗ್ ತುಂಬೋದು, ಒಂದ್ಸಲ ಊಟಿ, ಒಂದ್ಸಲ ಗೋಕರ್ಣ, ಹಬ್ಬ ಅನ್ನೋದು ಆಯುಧ ಪೂಜೆ ದಿನ ಓಡಿ ಬಂದು ಸ್ಕೂಟರ್ ತೊಳೆದು ಚಕ್ರಕ್ಕೆ ನಿಂಬೆಹಣ್ಣಿಡೋದಷ್ಟೇ. ಆಮೇಲೆ 2020 ಬಂತಲ್ಲ, ಕೊರೋನಾ ವರ್ಷ. ಆ ಸಲ ಜಂಬೂ ಸವಾರಿ ಬನ್ನಿಮಂಟಪದ ತನಕ ಹೋಗ್ಲೇ ಇಲ್ಲ, ಅರಮನೆ ಆವರಣದೊಳಗೇ ಮುಗಿಸಿದ್ರು, ಅಭಿಮನ್ಯು ಆನೆ ಮೊದಲ್ನೇ ಸಲ ಅಂಬಾರಿ ಹೊತ್ತಿದ್ದೂ ಅದೇ ವರ್ಷ. ನಾವು ಚಾಮುಂಡಿಪುರಂನ ನಮ್ಮ ಬೀದೀಲೇ ಇದ್ವಿ.

ನಮ್ಮ ಎದುರು ಮನೇಲಿ ಒಬ್ರು ಅಜ್ಜಿ ಇದಾರೆ, ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದೋರು, ಮಕ್ಕಳೆಲ್ಲ ಅವರನ್ನ ಮಿಸ್ಸಜ್ಜಿ ಅಂತಾರೆ, ನಾವು ದೊಡ್ಡೋರು ಮಿಸ್ಸು ಅಂತೀವಿ. ಅವರ ಮಗ ಮಗಳು ಇಬ್ರೂ ಹೊರದೇಶ. ಆ ಅಮಾವಾಸ್ಯೆ ದಿನ ಗೇಟ್ ಹತ್ರ ನಿಂತು ಮಾತಾಡ್ತಾ "ಮಿಸ್ಸು, ನೀವು ಗೊಂಬೆ ಕೂರಿಸ್ತಿದ್ರಂತಲ್ಲ, ಯಾಕೆ ಬಿಟ್ಬಿಟ್ರಿ?" ಅಂತ ಕೇಳ್ದೆ. ಮಂಡಿ ನೋವು, ಅಟ್ಟ ಹತ್ತಕ್ಕಾಗಲ್ಲ ಅಂತಾರೇನೋ ಅಂದ್ಕೊಂಡಿದ್ದೆ. ಅವರು ಅಂದಿದ್ದು "ರಜ ಬಂತು ಅಂದ್ರೆ ನೀವೆಲ್ಲ ಊರು ಬಿಡ್ತೀರ ಕಣಮ್ಮ, ಕೂರಿಸಿ ಯಾರಿಗೆ ತೋರಿಸ್ಲಿ?"

ನನಗೆ ಮಾತೇ ಹೊರಡ್ಲಿಲ್ಲ. ಹನ್ನೊಂದು ವರ್ಷ ಎದುರುಬದ್ರು ಇದ್ದು ನಮಗೆ ಇದು ಹೊಳೆದೇ ಇರ್ಲಿಲ್ಲ. ಗೊಂಬೆ ಹಬ್ಬ ಅಂದ್ರೆ ನೋಡಕ್ಕೆ ಬರೋರು ಬೇಕು, ಸಂಜೆ ಆರು ಗಂಟೆಗೆ "ಗೊಂಬೆ ಕೂರಿಸಿದೀರಾ?" ಅಂತ ಡಬ್ಬಿ ಹಿಡ್ಕೊಂಡು ಬಾಗಿಲಿಗೆ ಬರೋ ಮಕ್ಕಳು ಬೇಕು, ಗೊಂಬೆ ಬಾಗಿನ ಅಂತ ಅವರ ಕೈಗೆ ಉಸ್ಲಿನೋ ಕೋಡುಬಳೆನೋ ಹಾಕ್ಬೇಕು, ಇಲ್ಲಾಂದ್ರೆ ಅದು ಬರೀ ಗೊಂಬೆ ಜೋಡಿಸಿಟ್ಟ ಬೀರು.

ಆವತ್ತೇ ಸಾಯಂಕಾಲ ನಮ್ಮನೆಯವರು ಅಟ್ಟ ಹತ್ತಿ ಟ್ರಂಕ್ ಇಳಿಸಿದ್ರು. ಹಳೇ ಕಾಟನ್ ಸೀರೆ ತುಂಡಲ್ಲಿ ಒಂದೊಂದನ್ನೂ ಮಗು ಥರ ಸುತ್ತಿಟ್ಟಿದ್ರು ಮಿಸ್ಸು. ಮೊದ್ಲು ಪಟ್ಟದ ಗೊಂಬೆ, ರಾಜ ರಾಣಿ, ಅವರಮ್ಮ ಮದುವೇಲಿ ಕೊಟ್ಟಿದ್ದು, ಮರದ್ದು, ಬಣ್ಣ ಮಾಸಿದ್ರೂ ರಾಣಿ ಕಣ್ಣು ಮಾತ್ರ ಇನ್ನೂ ಹಾಗೇ ನೋಡ್ತಾಳೆ. ಆಮೇಲೆ ಚನ್ನಪಟ್ಟಣದ ಗೊಂಬೆಗಳು, ದಶಾವತಾರದ ಸೆಟ್, ಕೊನೇಗೆ ಶೆಟ್ರು ಶೆಟ್ಟಮ್ಮ. ಶೆಟ್ರ ಅಂಗಡಿ ಅಂದ್ರೆ ಬೀದಿ ಮಕ್ಕಳಿಗೆಲ್ಲ ಪ್ರಾಣ. ಬೆರಳ ಗಾತ್ರದ ಬಟ್ಟಲುಗಳಲ್ಲಿ ಅಕ್ಕಿ, ತೊಗರಿಬೇಳೆ, ಉದ್ದಿನಬೇಳೆ, ಕಲ್ಲುಪ್ಪು, ಒಂದು ಚೂರು ಬೆಲ್ಲ, ಆ ಬೆಲ್ಲಕ್ಕೆ ಇರುವೆ ಬರತ್ತೆ ಅಂತ ದಿನಾ ಬೆಳಿಗ್ಗೆ ಬದಲಾಯಿಸೋ ಡ್ಯೂಟಿ ನನ್ನ ಮಗಳದ್ದು. ಶೆಟ್ಟಮ್ಮನ ಮೂಗು ಮುರಿದಿತ್ತು, ಅದನ್ನ ಗಮ್ ಹಾಕಿ ಅಂಟಿಸಿ ಪೋಸ್ಟರ್ ಕಲರಲ್ಲಿ ಮೂಗುತಿ ಬರೆದೋಳೂ ಅವಳೇ.

ಅಲ್ಲಿಂದ ಪ್ರತಿ ವರ್ಷ ಕೂರಿಸ್ತಿದೀವಿ, ಮಿಸ್ಸು ಮನೆ ಹಾಲಲ್ಲೇ, ಐದು ಹಂತ. ಅಮಾವಾಸ್ಯೆಗೆ ಎರಡು ದಿನ ಮುಂಚೆ ತಟ್ಟೇಲಿ ಜರಡಿ ಹಿಡಿದ ಮಣ್ಣು ಹಾಕಿ ನೆನೆಸಿದ ರಾಗಿ ಚೆಲ್ಲಿದ್ರೆ ಹಬ್ಬದ ಮೂರ್ನಾಲ್ಕನೇ ದಿನಕ್ಕೆ ಹಸಿರು ಪಾರ್ಕ್ ರೆಡಿ, ಕನ್ನಡಿ ಇಟ್ರೆ ಕೆರೆ. ಉಸ್ಲಿ ಒಂದು ದಿನ ಒಂದು ಮನೇದು. 2025ರಲ್ಲಂತೂ ತಿಥಿ ಹೆಚ್ಚಾಗಿ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರ ತನಕ 11 ದಿನ ಬಂತಲ್ಲ, ಲೆಕ್ಕ ಹಾಕಿದ್ರೆ ಒಂದು ದಿನದ ಉಸ್ಲಿಗೆ ಮನೇನೇ ಇರ್ಲಿಲ್ಲ, ಆಗ ಮಹಡಿ ಮೇಲೆ ಬಾಡಿಗೆಗಿರೋ ಕೇರಳದ ನರ್ಸಮ್ಮ "ನಾನು ಮಾಡ್ತೀನಕ್ಕಾ" ಅಂದ್ರು. ನೈಟ್ ಡ್ಯೂಟಿ ಮುಗಿಸ್ಕೊಂಡು ಬಂದು, ಕಣ್ಣು ಕೆಂಪಗಿತ್ತು ಪಾಪ, ಕಡಲೆಕಾಳಿಗೆ ಕೈತುಂಬ ತೆಂಗಿನಕಾಯಿ ಹಾಕಿ ಮಾಡಿದ್ರು, ಮಕ್ಕಳು ಎರಡೆರಡು ಸಲ ಡಬ್ಬಿ ಚಾಚಿದ್ರು.

ಅವರ ವಿಷಯ ಬಂದಿದ್ದಕ್ಕೆ ಇದನ್ನ ಹೇಳ್ಲೇಬೇಕು. ಕೇರಳದಲ್ಲಿ ವಿಜಯದಶಮಿ ದಿನ ಚಿಕ್ಕ ಮಕ್ಕಳ ಕೈ ಹಿಡಿದು ಅಕ್ಕಿ ಮೇಲೆ ಮೊದಲ ಅಕ್ಷರ ಬರೆಸ್ತಾರೆ. ಅವರ ಮಗಳಿಗೆ ಆಗ ಮೂರು ವರ್ಷ, ಊರಿಗೆ ಹೋಗಕ್ಕೆ ರಜ ಸಿಕ್ಕಿರ್ಲಿಲ್ಲ. ಗೊಂಬೆ ಮುಂದೇನೇ ತಟ್ಟೇಲಿ ಅಕ್ಕಿ ಹರಡಿ, ಮಿಸ್ಸು ತೊಡೆ ಮೇಲೆ ಮಗೂನ ಕೂರಿಸಿದ್ವಿ. ಮಿಸ್ಸುಗೆ ಮಲಯಾಳಂ ಬರಲ್ಲ. ಮೊದ್ಲು ಅಮ್ಮ ಬೆರಳು ಹಿಡಿದು ಮಲಯಾಳಂನಲ್ಲಿ ಹರಿಶ್ರೀ ಅಂತ ಬರೆಸಿದ್ರು, ಆಮೇಲೆ ಮಿಸ್ಸು ಅಕ್ಕಿ ಸವರಿ ಸಮ ಮಾಡಿ ಅದೇ ಬೆರಳು ಹಿಡಿದು ದೊಡ್ಡದಾಗಿ ಒಂದು "ಅ" ಬರೆಸಿದ್ರು. ಎಷ್ಟು ಮಕ್ಕಳಿಗೆ ಅ ಆ ಇ ಈ ಕಲಿಸಿದ ಕೈಯೋ, ಆವತ್ತು ನಡುಗ್ತಿತ್ತು.

ಮಧ್ಯಾಹ್ನ ಅಲ್ಲೇ ಎಲ್ಲರೂ ಚಾಪೆ ಹಾಕ್ಕೊಂಡು ಚಂದನ ಚಾನೆಲಲ್ಲಿ ಜಂಬೂ ಸವಾರಿ ನೋಡಿದ್ವಿ. ಹೋಗಿ ನೋಡೋರನ್ನ ನಾನು ಬೇಡ ಅನ್ನಲ್ಲ, 750 ಕೆಜಿ ಅಂಬಾರಿ ಹೊತ್ತ ಆನೆ ಕಣ್ಮುಂದೆ ನಡ್ಕೊಂಡು ಹೋಗೋದನ್ನ ಜೀವನದಲ್ಲಿ ಒಂದ್ಸಲ ನೋಡ್ಬೇಕು, ನಾನೂ ಚಿಕ್ಕೋಳಿದ್ದಾಗ ಸಯ್ಯಾಜಿರಾವ್ ರೋಡಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದೀನಿ. ಆದ್ರೆ ಮಿಸ್ಸು ಈಗ ಆ ಜನದಲ್ಲಿ ನಿಲ್ಲಕ್ಕಾಗಲ್ಲ, ಅವರು ನೋಡೋ ಕಡೆ ನಾವೂ ನೋಡ್ತೀವಿ. ಕುಶಾಲತೋಪು ಹಾರಿಸಿದಾಗ ಟೀವೀಲೂ ಕೇಳ್ಸತ್ತೆ, ಕಿಟಕೀಲೂ ಕೇಳ್ಸತ್ತೆ, ಮಕ್ಕಳಿಗೆ ಅದೇ ಖುಷಿ. ಅರಮನೆ ದೀಪ ಭಾನುವಾರ ಭಾನುವಾರ ಹಾಕ್ತಾರಲ್ಲ, ಅದನ್ನ ಯಾವತ್ತಾದ್ರೂ ಹೋಗಿ ನೋಡ್ಬೋದು. ಹಬ್ಬದ ವಾರ ಹಾರ್ಡಿಂಜ್ ಸರ್ಕಲ್ ದಾಟೋದು ಎಷ್ಟು ಕಷ್ಟ ಅಂತ ಮೈಸೂರೋರಿಗೆ ಹೇಳ್ಬೇಕಾಗಿಲ್ಲ.

ಬೋರ್ ಆಗಲ್ವಾ ಅಂದ್ರೆ, ಇಲ್ಲ. ಹಬ್ಬದ ಅಷ್ಟೂ ದಿನ ನಮ್ಮ ಬೀದೀಲಿ ಯಾರೂ ಬೆಲ್ ಒತ್ತಲ್ಲ, ಬಾಗ್ಲು ತೆಗೆದೇ ಇರತ್ತೆ, ಸೀದಾ ಒಳಗೆ ಬರ್ತಾರೆ.

ವಿಜಯದಶಮಿ ರಾತ್ರಿ ಆರತಿ ಮಾಡಿ ಪಟ್ಟದ ಗೊಂಬೆಗಳನ್ನ ಮಲಗಿಸ್ತೀವಿ, ಮಾರನೇ ದಿನ ಮತ್ತೆ ಸೀರೆ ತುಂಡಲ್ಲಿ ಸುತ್ತಿ ಟ್ರಂಕಿಗೆ. ಟ್ರಂಕ್ ಈಗ ನಮ್ಮನೆ ಮಂಚದ ಕೆಳಗಿದೆ. "ಮುಂದಿನ ವರ್ಷ ಶೆಟ್ರಿಗೆ ತಕ್ಕಡಿ ತರ್ಬೇಕು" ಅಂತ ನನ್ನ ಮಗಳು ಚೀಟಿ ಬರೆದು ಮುಚ್ಚಳದ ಒಳಗಡೆ ಅಂಟಿಸಿದಾಳೆ, ಅದರ ಕೆಳಗೆ ಮಿಸ್ಸು ಕೆಂಪು ಪೆನ್ನಲ್ಲಿ ರೈಟ್ ಮಾರ್ಕ್ ಹಾಕಿದಾರೆ.